ಗುರವ್ವನ ಖಾಲಿ ಚೀಲ

ಗುರವ್ವನ ಚೀಲ ಆರನೆಯ ಗುರುವಾರವೂ ಖಾಲಿಯೇ ಬಂತು. ನಿಜಗುಣಪ್ಪನ ಪಜೀತಿ ಸುರುವಾದದ್ದು ಅಲ್ಲಿಂದ.

ಕಾಳು ತಿಂದ ಮೇಲೆ ಚೀಲ ಖಾಲಿ ಬಾರದೆ ಮತ್ತೇನು ತುಂಬಿ ಬರುತ್ತದೆಯೇ ಎಂದು ನೀವು ಕೇಳಬಹುದು. ನಿಜಗುಣಪ್ಪನೂ ಹಾಗೇ ತಿಳಿದಿದ್ದ. ಅರವತ್ತೆಂಟು ವರ್ಷದ ಗಂಡಸು, ನಲವತ್ತು ವರ್ಷ ಸಂಸಾರ ಮಾಡಿದವನು, ಹೆಂಡತಿ ಅಡುಗೆಮನೆಯಲ್ಲಿ ಏನು ಮಾಡುತ್ತಾಳೆ ಎಂದು ಒಂದು ದಿನವಾದರೂ ಇಣುಕಿ ನೋಡಿದ್ದರೆ ಹಾಗೆ ತಿಳಿಯುತ್ತಿರಲಿಲ್ಲ.

ಬೈಲಹೊಂಗಲದ ಮಾರ್ಕೆಟ್ಟಿನ ಹಿಂದೆ, ಮುಚ್ಚಿಹೋದ ಹತ್ತಿ ಜಿನ್ನಿನ ಒಂದು ಶೆಡ್ಡಿದೆ. ಮೂರು ವರ್ಷದಿಂದ ಅಲ್ಲಿ ‘ಹಿಡಿಕಾಳು ಬಳಗ’ ನಡೆಯುತ್ತದೆ. ಊರಿನ ಉಳ್ಳವರ ಮನೆಗಳಲ್ಲಿ ದಿನಾ ಅಡುಗೆಗೆ ಮೊದಲು ಒಂದು ಹಿಡಿ ಕಾಳು ಬೇರೆ ಡಬ್ಬಿಗೆ ಬೀಳುತ್ತದೆ. ಬುಧವಾರ ಅದೆಲ್ಲ ಶೆಡ್ಡಿಗೆ ಬಂದು ಸೇರುತ್ತದೆ. ಗುರುವಾರ ನಲವತ್ತೆರಡು ಬಡ ಮನೆಗಳಿಗೆ ಚೀಲ ಹೋಗುತ್ತದೆ. ಮೂರು ಕಿಲೋ ಜೋಳ, ಒಂದು ಕಿಲೋ ತೊಗರಿಬೇಳೆ, ಒಂದು ಪಾಕೀಟು ಎಣ್ಣೆ, ಒಂದು ಉಂಡೆ ಬೆಲ್ಲ. ದುಡಿಯುವವರಿಗೆ ಪಗಾರ ಇಲ್ಲ, ಮಧ್ಯಾಹ್ನ ಎರಡು ರೊಟ್ಟಿ, ಚಟ್ನಿ ಅಷ್ಟೇ. ಬರಲಾಗುವವರು ತಾವೇ ಬಂದು ಒಯ್ಯುತ್ತಾರೆ. ಬರಲಾಗದವರಿಗೆ ಬಳಗದವರೇ ಯಾರಾದರೂ ಮನೆಗೆ ಮುಟ್ಟಿಸುತ್ತಾರೆ. ಖಾಲಿಯಾದ ಚೀಲ ಮುಂದಿನ ಗುರುವಾರ ಮತ್ತೆ ತುಂಬಿಸಲು ಹೊಳ್ಳಿ ಬರುತ್ತದೆ.

ಇದರ ಹಿರಿತನ ರಿಟೈರಾದ ಸಾಲಿ ಟೀಚರು ಮಹಾನಂದಾ ಅವರದು. ಊರೆಲ್ಲ ಅವರನ್ನು ‘ಅಕ್ಕೋರು’ ಎನ್ನುತ್ತದೆ. ಚೀಲ ಹೊಲಿದವಳು ಶಟ್ಟೆವ್ವ. ಪ್ರತಿ ಚೀಲದ ಮೇಲೆ ಆಯಾ ಮನೆಯವರ ಹೆಸರನ್ನು ಕೆಂಪು ದಾರದಲ್ಲಿ ಹೊಲಿದವಳೂ ಅವಳೇ. ದನಿ ಮಾತ್ರ ಎಂಥದೆಂದರೆ, ಅವಳು ಶೆಡ್ಡಿನಲ್ಲಿ ಪಿಸುಗುಟ್ಟಿದರೆ ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತದೆ. ಸಾಮಾನು ಸಾಗಿಸಲು ಉಳವಪ್ಪನ ಮೂರು ಗಾಲಿಯ ಟಂಟಂ. ತಕ್ಕಡಿಯ ಮುಂದೆ ನಿಜಗುಣಪ್ಪ. ಅದೇ ಜಿನ್ನಿನಲ್ಲಿ ನಲವತ್ತು ವರ್ಷ ಹತ್ತಿ ತೂಗಿದವನು ಅವನು, ಒಂದು ಕಾಳು ಹೆಚ್ಚುಕಡಿಮೆ ಆಗಗೊಡುತ್ತಿರಲಿಲ್ಲ.

ಇನ್ನು ಗುರವ್ವ. ನಿಜಗುಣಪ್ಪನಿಗೆ ಗೊತ್ತಿದ್ದ ಮಟ್ಟಿಗೆ ಗುರವ್ವ ಎಂಬುವವಳು ಇರಲೇ ಇಲ್ಲ. ಆ ಚೀಲದ ಜೋಳ ತಿನ್ನುತ್ತಿದ್ದವನು ಸ್ವತಃ ಅವನೇ.

ಪಾಪ, ಹೊಟ್ಟೆಬಾಕನಲ್ಲ. ಜಿನ್ನು ಮುಚ್ಚಿ ಬಹಳ ವರ್ಷವಾಗಿತ್ತು. ಇದ್ದದ್ದೆಲ್ಲ ಹೆಂಡತಿ ಕೃಷ್ಣವ್ವನ ಜಡ್ಡಿಗೆ ಧಾರವಾಡದ ದವಾಖಾನೆಯಲ್ಲಿ ಕರಗಿತು. ಹೋದ ವರ್ಷ ಯುಗಾದಿ ಮುಂದೆ ಅವಳೂ ಹೋದಳು. ಮಕ್ಕಳಿಲ್ಲ. ರೇಷನ್ ಕಾರ್ಡು ಅವಳ ಹೆಸರಿನಲ್ಲಿತ್ತು. ಅವಳ ಹೆಸರು ತೆಗೆಸಿ ತನ್ನದು ಹಾಕಿಸಬೇಕು. ಎರಡು ಸಲ ಕಾಗದ ಹಿಡಿದು ಕಚೇರಿಯ ಮೆಟ್ಟಿಲ ತನಕ ಹೋದ. ‘ಅಕಿ ಹೆಸರು ನಾನ ನನ್ನ ಕೈಯಾರೆ ಹೊಡದು ಹಾಕಸ್ಲೇನು’ ಎಂದು ಎರಡು ಸಲವೂ ತಿರುಗಿ ಬಂದ. ಮನೆಯ ಡಬ್ಬಿಗಳು ಒಂದೊಂದಾಗಿ ಬರಿದಾದವು.

ಬಳಗದವರಿಗೆ ಹೇಳಿದ್ದರೆ ಕೊಡುತ್ತಿದ್ದರು. ಆದರೆ ಬಳಗ ಸುರುವಾದ ದಿನ ಮೈಕು ಹಿಡಿದು, “ಹಸಿವಿಗೆ ನಾಚಿಕಿ ಬ್ಯಾಡ್ರಿ, ಧೈರ್ಯದಿಂದ ಬಂದು ಕೇಳ್ರಿ” ಎಂದು ಭಾಷಣ ಮಾಡಿದವನು ಇದೇ ನಿಜಗುಣಪ್ಪ. ಊರಿಗೆ ಹೇಳಿದ ಬುದ್ಧಿ ತನಗೆ ಹತ್ತಲಿಲ್ಲ. ಒಂದು ಗುರುವಾರ ಅಕ್ಕೋರ ಮುಂದೆ ನಿಂತು, “ನಮ್ಮ ಹಿಂದಿನ ಓಣ್ಯಾಗ ಒಬ್ಬಾಕಿ ಮುದುಕಿ ಅದಾಳ್ರಿ. ನಡಿಯಾಕ ಆಗೂದಿಲ್ಲ, ಯಾರೂ ದಿಕ್ಕಿಲ್ಲ. ನಾನ ಒಯ್ದು ಕೊಡ್ತೇನಿ” ಎಂದ.

“ಹೆಸರೇನ್ರಿ?” ಎಂದು ಅಕ್ಕೋರು ಪೆನ್ನು ತೆಗೆದರು.

ಹೆಸರು ಯೋಚಿಸಿರಲಿಲ್ಲ. ನಾಲಿಗೆಗೆ ಬಂದದ್ದು ‘ಗುರವ್ವ’. ಅವನ ಲೆಕ್ಕದಲ್ಲಿ ಅದು ಎಮ್ಮೆಯ ಹೆಸರು. ಅವನ ಹಿತ್ತಲ ಗೋಡೆಯಾಚೆ ಒಂದು ಎಮ್ಮೆ ಒದರುತ್ತಿತ್ತು. ದಿನಾ ಮಧ್ಯಾಹ್ನ ಅವನು ಊಟಕ್ಕೆ ಕುಂತಾಗ ಕೃಷ್ಣವ್ವ, “ತಡೀರಿ, ಗುರವ್ವಗ ಕೊಟ್ಟು ಬರ್ತೇನಿ” ಎಂದು ಏನಾದರೂ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. ಸಾರು ಆರುತ್ತದೆ ಎಂದು ಇವನು ಗೊಣಗುತ್ತಿದ್ದ. ಎಮ್ಮೆಯಾದರೆ ಬಂದು ತಕರಾರು ಮಾಡುವುದಿಲ್ಲ ಎಂಬ ಧೈರ್ಯದಲ್ಲಿ ಅದನ್ನೇ ಬರೆಸಿಬಿಟ್ಟ.

ಈಗ ಶಟ್ಟೆವ್ವ ಆ ಖಾಲಿ ಚೀಲವನ್ನು ಎಲ್ಲರ ಮುಂದೆ ಝಾಡಿಸಿ ತೋರಿಸಿದಳು.

“ನೋಡ್ರಿ ಅಕ್ಕೋರ. ಆರು ವಾರ ಆತು. ಒಂದು ಎಸಳು ಕರಿಬೇವು ಸುದ್ದಾ ಇಲ್ಲ.”

“ಖಾಲಿ ಚೀಲದಾಗ ಕರಿಬೇವು ಯಾಕ ಇರಬೇಕ್ರಿ?” ಎಂದ ನಿಜಗುಣಪ್ಪ.

ಶಟ್ಟೆವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಅಣ್ಣಾರ, ಕೊಟ್ಟ ಮನಿಗೆ ಯಾರರ ಖಾಲಿ ಭಾಂಡೆ ಹೊಳ್ಳಿ ಕಳಸ್ತಾರೇನ್ರಿ? ನಲವತ್ತೊಂದು ಚೀಲದಾಗ ಏನರ ಒಂದು ಬರ್ತೈತಿ. ಒಬ್ಬಾಕಿ ನಾಕು ಹಸಿಮೆಣಸಿನಕಾಯಿ, ಒಬ್ಬಾಕಿ ಒಂದು ಗಡ್ಡಿ ಬಳ್ಳೊಳ್ಳಿ, ಒಬ್ಬಾಕಿ ಹಿತ್ತಲದಾಗಿನ ಮೆಂತೆ ಸೊಪ್ಪು. ಏನೂ ಇಲ್ಲದಾಕಿ ಎರಡು ಹೂವರ ಹಾಕಿರ್ತಾಳ. ನೀವು ವಾರವಾರ ರೊಟ್ಟಿಗೆ ಹಚಗೊಂಡು ಚಲೋ ಐತಿ ಅಂತ ತಿಂತೀರೆಲ್ಲ, ಆ ಚಟ್ನಿ ಮತ್ತ ಯಾತರದು ಅಂತ ತಿಳದಿದ್ರಿ?”

ನಿಜಗುಣಪ್ಪನಿಗೆ ಬಾಯಲ್ಲಿ ಚಟ್ನಿಯ ರುಚಿ ಬಂದಂತಾಯಿತು. ವಾರಕ್ಕೊಮ್ಮೆ ಅವನಿಗೆ ರೊಟ್ಟಿ ಸಿಗುತ್ತಿದ್ದದ್ದು ಅದೊಂದೇ ಊಟದಲ್ಲಿ.

“ವಯಸ್ಸಾಗೇತ್ರಿ ಅಕಿಗೆ. ಮರತಿರ್ಬೇಕು.”

“ಹೆಣ್ಮಕ್ಕಳು ಗಂಡನ ಹೆಸರು ಮರತಾರು, ಇದನ್ನ ಮರಿಯೂದಿಲ್ಲ. ಆ ಮನ್ಯಾಗ ಏನೋ ಬರೋಬ್ಬರಿ ಇಲ್ಲ, ಅಕ್ಕೋರ. ಇವತ್ತ ಹೋಗಿ ನೋಡೂಣು.”

ಅಕ್ಕೋರು ಕನ್ನಡಕ ಏರಿಸಿ ತಲೆಯಾಡಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಿಜಗುಣಪ್ಪ ಯಾರೂ ಕೇಳದಿದ್ದರೂ ಮಾತಿಗೆ ಸುರುಮಾಡಿದ.

“ಬ್ಯಾಡ್ರಿ. ಅಕಿಗೆ ಮಂದಿ ಬಂದ್ರ ಆಗೂದಿಲ್ಲ. ಮಣಕಾಲು ಬ್ಯಾರೆ ಬಾತಾವು, ಬಾಗಲಾ ತೆಗಿಯಾಕ ಏಳೂದಿಲ್ಲ.”

“ಮಣಕಾಲು ಬಾತಾವ?” ಶಟ್ಟೆವ್ವ ಅಷ್ಟಕ್ಕೇ ಕಾಯುತ್ತಿದ್ದಳು. “ನನ್ನ ಕಡೆ ಎಣ್ಣಿ ಐತಿ, ತಿಕ್ಕಿ ಬರ್ತೇನಿ.”

“ಇವತ್ತ ಮನ್ಯಾಗಿಲ್ಲ ಬಿಡ್ರಿ. ಉಗರಗೋಳಕ್ಕ ಮಗಳ ಮನಿಗೆ ಹೋಗ್ಯಾಳ.”

ಅಕ್ಕೋರು ವಹಿ ತೆಗೆದು ಹಾಳೆ ತಿರುವಿದರು. “ಯಾರೂ ದಿಕ್ಕಿಲ್ಲ ಅಂತ ಬರಸೀರಿ, ನಿಜಗುಣಪ್ಪ.”

“ಸಾಕಮಗಳ್ರಿ.”

“ನಡಿಯಾಕ ಆಗೂದಿಲ್ಲ ಅಂತಾನೂ ಬರಸೀರಿ.”

“ನಾನ ಬಸ್ಸಿಗೆ ಹತ್ತಿಸೇನ್ರಿ. ಎತ್ತಿ.”

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಉಳವಪ್ಪ ಎದ್ದು ಬಂದ. ಉಪಕಾರ ಮಾಡುವುದರಲ್ಲಿ ಅವನದು ಎತ್ತಿದ ಕೈ, ಅದು ಬೇಕೋ ಬೇಡವೋ ಕೇಳುವ ರೂಢಿ ಇಲ್ಲ. “ಕಾಕಾ, ನಾ ಸಂಜಿಕ ಸವದತ್ತಿಗೆ ಲೋಡ್ ಒಯ್ಯಾಂವ ಅದೇನಿ. ಉಗರಗೋಳದಾಗ ನಮ್ಮ ಅಕ್ಕನ ಮನಿ ಐತಿ. ಮಗಳ ಹೆಸರು ಹೇಳು, ಮುದಕೀನ ಟಂಟಂದಾಗ ಕೂಡಿಸಿಕೊಂಡು ಬಂದು ಮನೀ ಮುಂದ ಇಳಿಸ್ತೇನಿ. ಈಗ ಅಕ್ಕಗ ಫೋನು ಹಚ್ಚಲೇನು?”

“ಹಚ್ಚಬ್ಯಾಡಪಾ,” ಎಂದು ನಿಜಗುಣಪ್ಪ ಅವನ ಕೈ ಹಿಡಿದುಕೊಂಡ. “ಇಷ್ಟೊತ್ತಿಗೆ ಬಂದಿರತಾಳೇನೋ.”

“ಬಂದಿದ್ರ ಚಲೋ ಆತಲ್ಲ,” ಎಂದರು ಅಕ್ಕೋರು. “ಹೋಗೂಣು ನಡೀರಿ.”

ಹೀಗೆ ಎಲ್ಲರೂ ಟಂಟಂ ಏರಿದರು. ಗುರವ್ವನಿಗಾಗಿ ತುಂಬಿದ ಹೊಸ ಚೀಲ ನಿಜಗುಣಪ್ಪನ ತೊಡೆಯ ಮೇಲೆ. ಶಟ್ಟೆವ್ವನ ಕೈಯಲ್ಲಿ ಎಣ್ಣೆ ಶೀಸೆ, ಹೊದೆಯಲು ಒಂದು ಕೌದಿ. ಅಕ್ಕೋರ ಕೈಯಲ್ಲಿ ತಮ್ಮದೊಂದು ಹಳೆಯ ಇಳಕಲ್ ಸೀರೆ. ದಾರಿಯುದ್ದಕ್ಕೂ ಶಟ್ಟೆವ್ವ ಕಂಡಕಂಡವರಿಗೆ, “ಗುರವ್ವನ ನೋಡಾಕ ಹೊಂಟೇವಿ, ಅಕಿಗೆ ಆರಾಮಿಲ್ಲ” ಎಂದು ಒದರಿ ಹೇಳುತ್ತಿದ್ದಳು. ಯಾವ ಗುರವ್ವ ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ಅಯ್ಯ ಪಾಪ ಎಂದರು.

ನಿಜಗುಣಪ್ಪ ಚೀಲ ಅಪ್ಪಿಕೊಂಡು ಲೆಕ್ಕ ಹಾಕುತ್ತಿದ್ದ. ಇವತ್ತು ಗುಟ್ಟು ರಟ್ಟಾದರೆ ಆ ತಕ್ಕಡಿಯ ಮುಂದೆ ಮತ್ತೆ ಕೂಡುವುದು ಸಾಧ್ಯವಿಲ್ಲ. ನಿಜಗುಣಪ್ಪ ತೂಗಿದ ಮೇಲೆ ಮತ್ತೊಮ್ಮೆ ತೂಗಬೇಕಾಗಿಲ್ಲ ಎಂದು ಊರು ಅನ್ನುತ್ತಿತ್ತು. ಹೆಂಡತಿ ಹೋದ ಮೇಲೆ ಅವನ ಹತ್ತಿರ ಉಳಿದದ್ದು ಆ ಒಂದು ಮಾತು. ಬಡವರ ಪಾಲಿನ ಚೀಲ ಕದ್ದವ ಎಂದು ನಾಳೆ ಇದೇ ಶಟ್ಟೆವ್ವ ಇದೇ ದಾರಿಯಲ್ಲಿ ಒದರಿಕೊಂಡು ಹೋಗುತ್ತಾಳೆ.

ಹಿಂದಿನ ಓಣಿಗೆ ಹೋಗಬೇಕೆಂದರೆ ದೊಡ್ಡ ರಸ್ತೆಯಿಂದ ಸುತ್ತು ಹಾಕಬೇಕು. ಅವನ ಹಿತ್ತಲಿನಿಂದ ಅದು ಒಂದು ಗೋಡೆಯಷ್ಟು ದೂರ, ಆದರೂ ಈ ಓಣಿಗೆ ಅವನು ಕಾಲಿಟ್ಟು ಇಪ್ಪತ್ತು ವರ್ಷವಾಗಿತ್ತು. ಒಳಗೆ ಬರುತ್ತಲೇ ಒಂದು ಮನೆಗೆ ಕೀಲಿ ಹಾಕಿದ್ದು ಕಂಡಿತು. ದೇವರು ಇದ್ದಾನೆ ಎನ್ನಿಸಿತು.

“ಇದ ನೋಡ್ರಿ ಮನಿ. ಕೀಲಿ ಐತಿ. ಅಕಿ ಇನ್ನೂ ಬಂದಿಲ್ಲ. ನಡೀರಿ ಹೋಗೂಣು.”

ಉಳವಪ್ಪ ಟಂಟಂ ತಿರುಗಿಸಲು ಹಿಂದೆ ಮುಂದೆ ಮಾಡತೊಡಗಿದ. ಅಷ್ಟರಲ್ಲಿ ಶಟ್ಟೆವ್ವ ಕೆಳಗಿಳಿದು ಸೊಂಟದ ಮೇಲೆ ಕೈಯಿಟ್ಟು ಓಣಿಗೆಲ್ಲ ಕೇಳುವಂತೆ ಒಂದು ಕೂಗು ಹಾಕಿದಳು.

“ಗುರವ್ವಾ... ಏ ಗುರವ್ವಾ...”

“ಯಾರ ಅವ್ವಾ?” ಎಂದಿತು ಒಂದು ದನಿ.

ಓಣಿಯ ಕೊನೆಯಲ್ಲಿ, ನಿಜಗುಣಪ್ಪನ ಹಿತ್ತಲ ಗೋಡೆಗೆ ಬೆನ್ನು ಹಚ್ಚಿಕೊಂಡಂತೆ ಒಂದು ಸಣ್ಣ ಮನೆ ಇತ್ತು. ಅದರ ಬಾಗಿಲಿನಿಂದ ಗೋಡೆ ಹಿಡಿದುಕೊಂಡು ಒಬ್ಬ ಮುದುಕಿ ಹೊರಗೆ ಬಂದಳು. ಮಣಕಾಲು ಬಾತಿದ್ದವು.

“ನೀವ ಏನು ಗುರವ್ವ?” ಎಂದಳು ಶಟ್ಟೆವ್ವ.

“ಹೌದವಾ. ನಾನ.”

ನಿಜಗುಣಪ್ಪನಿಗೆ ಟಂಟಂನಿಂದ ಇಳಿಯಲು ಕಾಲು ಬರಲಿಲ್ಲ. ಎಮ್ಮೆ ಮನುಷ್ಯಳಾಗಿ ಎದ್ದು ಬಂದರೆ ಯಾರಿಗಾದರೂ ಹಾಗೇ ಆಗುತ್ತದೆ. ಉಳವಪ್ಪನೇ ಅವನ ರಟ್ಟೆ ಹಿಡಿದು ಇಳಿಸಿ, “ಮನೀನ ತಪ್ಪು ತೋರಿಸಿದ್ಯಲ್ಲೋ ಕಾಕಾ, ಉಪಾಸ ಗಿಪಾಸ ಮಾಡಾಕತ್ತಿಯೇನು?” ಎಂದ.

ಅಕ್ಕೋರು ಮುದುಕಿಯ ಕೈ ಹಿಡಿದರು. “ನಾವು ಹಿಡಿಕಾಳು ಬಳಗದವರು, ಗುರವ್ವ. ಆರು ವಾರದಿಂದ ನಿಮಗ ಚೀಲ ಕಳಸಾಕತ್ತೇವಿ. ಇವರ ಕೈಯಾಗ. ಬರೋಬ್ಬರಿ ಮುಟ್ಟೇತೇನ್ರಿ?”

ಗುರವ್ವ ಅಕ್ಕೋರನ್ನು ನೋಡಿದಳು. ಚೀಲದ ಮೇಲಿನ ಕೆಂಪು ದಾರ ನೋಡಿದಳು. ಆಮೇಲೆ ನಿಜಗುಣಪ್ಪನನ್ನು ನೋಡಿದಳು. ಅವನ ಹೆಗಲಿನ ಮೂಳೆ, ಸಡಿಲಾದ ಅಂಗಿಯ ಕಾಲರು, ಗುಳಿಬಿದ್ದ ಗಲ್ಲ ಎಲ್ಲ ನೋಡಿದಳು. ಹಸಿದವರಿಗೆ ಹಸಿದವರ ಗುರುತು ಬೇಗ ಸಿಗುತ್ತದೆ.

“ಇವರು ಕೃಷ್ಣವ್ವನ ಮನಿಯವರಲ್ಲೇನ್ರಿ? ಇವರ ಮನಿ ಅನ್ನ ಉಂಡ ಜೀವ ಇದು, ಅಕ್ಕಾರ. ಇಲ್ಲ ಅಂದ್ರ ನನ್ನ ನಾಲಿಗಿಗೆ ಹುಳಾ ಬೀಳತಾವು.”

ಶಟ್ಟೆವ್ವನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಮಂದಿಯ ಮನೆಗೆ ಹೋದರೆ ಅಡುಗೆಮನೆ ನೋಡದೆ ಬರುವವಳಲ್ಲ ಅವಳು. ಒಳಗೆ ನುಗ್ಗಿ ಒಂದೊಂದೇ ಡಬ್ಬಿ ತೆಗೆದು ಬಡಿದು ನೋಡಿದಳು. ಎಲ್ಲವೂ ಖಾಲಿ. ಒಲೆಯಲ್ಲಿ ಬೂದಿ ತಣ್ಣಗಿತ್ತು.

“ಹ್ವಾದ ವಾರ ಕೊಟ್ಟ ಮೂರು ಕಿಲೋ ಜ್ವಾಳ ಎಲ್ಲಿ?” ಎಂದು ಕೇಳಿದಳು.

ನಿಜಗುಣಪ್ಪ ಕಣ್ಣು ಮುಚ್ಚಿಕೊಂಡ. ಆರು ವಾರ ಆ ಜೋಳವನ್ನು ನುಚ್ಚು ಕುದಿಸಿಕೊಂಡು ತಿಂದವನು ಅವನೇ.

“ಹಸದವರು ಉಂಡ್ರವಾ,” ಎಂದಳು ಗುರವ್ವ.

“ಮತ್ತ ಚೀಲ ಖಾಲಿ ಯಾಕ ಹೊಳ್ಳಿ ಬರ್ತಿತ್ತು?”

“ಹಾಕಾಕ ನನ್ನ ಕಡೆ ಏನೈತಿ? ನೀನ ನೋಡಿದೆಲ್ಲ.”

ಶಟ್ಟೆವ್ವ ಕೈಯಲ್ಲಿದ್ದ ಡಬ್ಬಿಯನ್ನು ಮೆಲ್ಲಗೆ ಅದರ ಜಾಗದಲ್ಲಿ ಇಟ್ಟಳು. ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಂಡರು. “ನೋಡ್ರಿ, ಇಂಥ ಸ್ಥಿತ್ಯಾಗ ಇದ್ದು ತನ್ನ ಪಾಲಿನ ಕಾಳು ಮತ್ತೊಬ್ಬರಿಗೆ ಹಂಚ್ಯಾಳ ಈ ತಾಯಿ” ಎಂದು ಅವರು ತಾವೇ ಅರ್ಥ ಮಾಡಿಕೊಂಡರು. ಅಲ್ಲೇ ನಿಂತು ಠರಾವೂ ಆಯಿತು. ಗುರವ್ವ ಇರುವ ತನಕ ವಾರವಾರ ಚೀಲ, ತಂದು ಮುಟ್ಟಿಸುವವ ನಿಜಗುಣಪ್ಪ, ಮುಟ್ಟಿತೋ ಇಲ್ಲವೋ ನೋಡಿ ಮಣಕಾಲಿಗೆ ಎಣ್ಣೆ ತಿಕ್ಕಿ ಬರುವವಳು ಶಟ್ಟೆವ್ವ. ನಿಜಗುಣಪ್ಪ ತನ್ನ ತೊಡೆಯ ಮೇಲಿಂದ ಇಳಿಸಿದ ಆ ಚೀಲವನ್ನು ತಾನೇ ಗುರವ್ವನ ಒಲೆಯ ಬದಿಗೆ ಇಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದು ಹೇಗಿರುತ್ತದೆ ಎಂದು ಆಗ ಗೊತ್ತಾಯಿತು. ಆದರೆ ಮಾನ ಉಳಿಯಿತು ಎಂದು ಉಸಿರು ಬಿಟ್ಟು ಹೊರಗೆ ಹೊರಟ.

“ಅಣ್ಣಾರ, ಒಂಚೂರು ನಿಂದರ್ರಿ,” ಎಂದಳು ಗುರವ್ವ. ಉಳಿದವರು ಟಂಟಂ ಹತ್ತುತ್ತಿದ್ದರು.

ಅವಳು ಗೋಡೆಯ ಮಾಡದಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. ತಿಕ್ಕಿ ತಿಕ್ಕಿ ಬೆಳಗಿದ್ದಳು. ಬದಿಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿತ್ತು: ‘ಕೃಷ್ಣವ್ವ ನಿ.’ ‘ನಿ’ ಎಂದರೆ ನಿಜಗುಣಪ್ಪ. ಮದುವೆಯಲ್ಲಿ ಬಂದ ಭಾಂಡೆಗಳ ಮೇಲೆ ಅವನೇ ನಿಂತು ಕೊರೆಸಿದ ಹೆಸರು.

“ಹನ್ನೆರಡು ವರ್ಷ ಆ ಗೋಡಿ ಮ್ಯಾಲಿಂದ ದಿನಾ ಕೊಟ್ಟಾಳ್ರಿ. ಜಡ್ಡು ಬಿದ್ದಾಗೂ ಕೊಟ್ಟಾಳ. ಕಡೀಕ ಕೊಟ್ಟಿದ್ದು ಈ ಡಬ್ಬ್ಯಾಗ, ಝುಣಕ. ಮರದಿನ ನಿಮ್ಮ ಮನ್ಯಾಗ ಅಳೂದು ಕೇಳಸ್ತು. ಡಬ್ಬಿ ಕೊಟ್ಟು, ಮಾರಿ ನೋಡಿ ಬರಬೇಕಂದ್ನಿ. ಆದರ ಖಾಲಿ ಡಬ್ಬಿ ಹಿಡಕೊಂಡು ಆ ತಾಯಿ ಮುಂದ ಹೆಂಗ ಬರಲಿ? ಒಂದು ಹಿಡಿ ಏನರ ಸಿಗಲಿ, ಹಾಕಿ ಕೊಟ್ರಾತು ಅಂತಿದ್ನಿ. ವರ್ಷಾತು.”

ನಿಜಗುಣಪ್ಪ ಡಬ್ಬಿಯ ಮೇಲಿನ ಹೆಸರನ್ನೇ ನೋಡುತ್ತ ನಿಂತ. ಕೇಳಬಾರದೆಂದರೂ ಬಾಯಿಂದ ಬಂತು. “ಎಮ್ಮಿ ಇತ್ತಲ್ಲ, ಇಲ್ಲಿ?”

“ಮಗ್ಗಲಮನಿದು. ಚಂದ್ರಿ ಅಂತ. ಅದನ್ನ ಮಾರಿ ಮೂರು ವರ್ಷಾತು. ಯಾಕ್ರಿ?”

“ಏನಿಲ್ಲ.”

ಹನ್ನೆರಡು ವರ್ಷ ಅವನು ತಾಟಿನ ಮುಂದೆ ಕುಂತು ಸಾರು ಆರಿತು ಎಂದು ಗೊಣಗಿದ್ದ. ಎದ್ದು ಹತ್ತು ಹೆಜ್ಜೆ ಹೋಗಿ ಗೋಡೆಯಾಚೆ ಯಾರಿದ್ದಾರೆಂದು ನೋಡಿರಲಿಲ್ಲ. ಕೃಷ್ಣವ್ವ ಹೋದ ಮರುದಿನದಿಂದ ಈ ಮುದುಕಿಯ ಒಲೆ ಹೇಗೆ ಹತ್ತಿತೋ. ಅವಳದೇ ಹೆಸರು ಬರೆಸಿ, ಅವಳ ಗೋಡೆಯ ಈಚೆ ಕುಂತು, ಆರು ವಾರ ಅವಳ ಪಾಲಿನ ಜೋಳ ಉಂಡಿದ್ದ. ಅವನಿಗೆ ಬಹಳ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಕೃಷ್ಣವ್ವ ಬೇಕು ಅನ್ನಿಸಿತು.

ಗುರವ್ವ ಹೊಸ ಚೀಲ ಬಿಚ್ಚಿ ಎರಡು ಹಿಡಿ ಜೋಳ ಡಬ್ಬಿಗೆ ಹಾಕಿದಳು. ಮುಚ್ಚಳ ಎಂದೋ ಕಳೆದಿತ್ತು. ತನ್ನದೊಂದು ಸಣ್ಣ ತಾಟು ಮೇಲೆ ಮುಚ್ಚಿ ಅವನ ಕೈಗೆ ಕೊಟ್ಟಳು.

“ಜ್ವಾಳ ಚಲೋ ಅದಾವೇನ್ರಿ ಇವು?” ಎಂದು ಮೆಲ್ಲಗೆ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಚಲೋ ಅದಾವು,” ಎಂದ ನಿಜಗುಣಪ್ಪ. “ರೊಟ್ಟಿ ಮಿದುವು ಆಗತಾವಂತ. ನನಗ ಬಡಿಯಾಕ ಬರೂದಿಲ್ಲ.”

ಹೊರಗೆ ಟಂಟಂ ಗುರುಗುಟ್ಟುತ್ತಿತ್ತು. ಅವನ ಕೈಯಲ್ಲಿನ ಡಬ್ಬಿ ಕಂಡು ಶಟ್ಟೆವ್ವ ಇಣುಕಿ ನೋಡಿ ಹಿಗ್ಗಿದಳು. “ಹೇಳಿದ್ನಿಲ್ಲ ಅಕ್ಕೋರ? ಕೈಯಾಗ ನಾಕು ಕಾಳು ಬಂದಕೂಡ್ಲೆ ಮೊದಲು ಹೊಳ್ಳಿ ಕೊಟ್ಟಾಳ ನೋಡ್ರಿ.” ಆಮೇಲೆ ಅವನ ಕಡೆ ತಿರುಗಿ, ಎಂದೂ ಇಲ್ಲದ ಸಣ್ಣ ದನಿಯಲ್ಲಿ ಕೇಳಿದಳು. “ಅಣ್ಣಾರ, ನಿಮ್ಮ ಕಡೆ ಇನ್ನೂ ಯಾರರ ಅದಾರೇನ್ರಿ? ಹಸದಿರತಾರ, ನಾಚಿಕೊಂಡು ಕೇಳಾಕ ಬರೂದಿಲ್ಲ, ಅಂಥವರು? ಇದ್ರ ಈಗ ಹೇಳ್ರಿ. ಒಂದು ಚೀಲ ಹೊಲಿಯೂದು ನನಗ ಏನು ದೊಡ್ಡದಲ್ಲ.”

ಅಕ್ಕೋರು ಪೆನ್ನು ತೆಗೆದು ಕಾದರು. ತನ್ನ ಹೆಸರು ಹೇಳಿಬಿಡಲೇ ಎಂದು ನಿಜಗುಣಪ್ಪನಿಗೆ ಅನ್ನಿಸಿತು. ಹಿಂದೆ ಬಾಗಿಲಲ್ಲಿ ಗುರವ್ವ ಗೋಡೆ ಹಿಡಿದು ನಿಂತು ಅವನನ್ನೇ ನೋಡುತ್ತಿದ್ದಳು, ಹೇಳು ಎಂಬಂತೆ.

“ಇಲ್ರಿ,” ಎಂದ. “ನನಗ ಗೊತ್ತಿದ್ದಂಗ ಯಾರೂ ಇಲ್ಲ.”

ಉಳವಪ್ಪ ಅವನನ್ನು ಮನೆಯ ಮುಂದೆ ಇಳಿಸಿ ಹೋದ. ಒಳಗೆ ಬಂದು ನಿಜಗುಣಪ್ಪ ಜೋಳವನ್ನು ಮೊರಕ್ಕೆ ಸುರುವಿದ. ಒಂದು ಹೊತ್ತಿನ ನುಚ್ಚಿಗೆ ಆಗುವಷ್ಟಿತ್ತು. ಡಬ್ಬಿ ತೊಳೆದು ಅದು ಮೊದಲು ಇರುತ್ತಿದ್ದ ಹಲಗೆಯ ಮೇಲೆ ಇಟ್ಟ. ಹೆಸರು ಮುಂದೆ ಕಾಣುವಂತೆ ತಿರುಗಿಸಿದ.

ಆಮೇಲೆ ಅವನ ಕಣ್ಣು ಮೇಲೆ ಮುಚ್ಚಿದ್ದ ತಾಟಿನ ಮೇಲೆ ಬಿತ್ತು. ಅದು ಗುರವ್ವನದು. ಹೊಳ್ಳಿ ಕೊಡಬೇಕು. ಗೋಡೆಯ ತನಕ ಹೋದರೆ ಆಯಿತು, ಹತ್ತು ಹೆಜ್ಜೆ.

ಎದ್ದು ಒಂದೊಂದೇ ಡಬ್ಬಿ ತೆಗೆದು ನೋಡಿದ. ಹೋದ ವಾರದ ಜೋಳ ನಿನ್ನೆಯೇ ತೀರಿತ್ತು. ಬೇಳೆ ಇರಲಿಲ್ಲ, ಬೆಲ್ಲ ಇರಲಿಲ್ಲ. ಉಪ್ಪು ಇತ್ತು, ಉಪ್ಪನ್ನು ಯಾರೂ ಹಾಗೆ ಕೈಯೆತ್ತಿ ಕೊಡುವುದಿಲ್ಲ. ಅವಳು ಕೊಟ್ಟದ್ದನ್ನೇ ಅವಳಿಗೆ ಹೊಳ್ಳಿ ಹಾಕುವಂತಿಲ್ಲ. ಹಿತ್ತಲಿಗೆ ಹೋಗಿ ನೋಡಿದ. ಕೃಷ್ಣವ್ವ ಹಚ್ಚಿದ್ದ ಕರಿಬೇವು ನೀರಿಲ್ಲದೆ ಹೋದ ಬೇಸಿಗೆಯಲ್ಲೇ ಒಣಗಿತ್ತು.

ಗೋಡೆಯಾಚೆ ಗುರವ್ವ ಒಲೆ ಹೊತ್ತಿಸಿರಬೇಕು, ಹೊಗೆ ಬರುತ್ತಿತ್ತು. ನಿಜಗುಣಪ್ಪ ಖಾಲಿ ತಾಟು ಕೈಯಲ್ಲಿ ಹಿಡಿದುಕೊಂಡು ಗೋಡೆಯ ಈಚೆ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಅದನ್ನು ಒಳಗೆ ಒಯ್ದು ಕೃಷ್ಣವ್ವನ ಡಬ್ಬಿಯ ಬದಿಗೆ ಇಟ್ಟ.